ತಂಡ ಬದಲಾಗುವುದನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಂಡಗಳ ಅಳತೆಯ ಬಗ್ಗೆ ಎಲ್ಲಿ ಮಾತನಾಡಿದರೂ, ಕೊನೆಗೆ ಚಹಾದ ಲೋಟ ಹಿಡಿದು ಹತ್ತಿರ ಬರುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪತ್ರಗಳಲ್ಲೂ ಇವೇ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ. ಬೇಕಾದ ಉತ್ತರವನ್ನಷ್ಟೇ ಬಿಡಿಯಾಗಿ ಓದಿಕೊಳ್ಳಬಹುದು.

## ಶುರುವಿನ ಪ್ರಶ್ನೆಗಳು

ನನ್ನ ತಂಡ ಹೇಗಿದೆ ಎಂದು ನನಗೆ ಗೊತ್ತು, ದಿನವೂ ಜೊತೆಯಲ್ಲೇ ಇರುತ್ತೇನೆ. ಅದನ್ನು ಬೇರೆ ಅಳೆಯಬೇಕೇ?

ದಿನವೂ ಜೊತೆಯಲ್ಲಿರುವುದೇ ತೊಡಕು. ಮಗು ಎತ್ತರವಾದದ್ದು ಮನೆಯವರಿಗಿಂತ ಮೊದಲು ವರ್ಷಕ್ಕೊಮ್ಮೆ ಬರುವ ಸೋದರಮಾವನ ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಫಲಿತಾಂಶ ಗೊತ್ತಾದ ಮೇಲೆ ನಮ್ಮ ನೆನಪು ಅದಕ್ಕೆ ತಕ್ಕ ವೇಷ ಹಾಕಿಕೊಳ್ಳುತ್ತದೆ. ಅಮೆರಿಕದ ಬ್ಯಾರಿ ಸ್ಟಾ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪುಗಳಿಗೆ ಒಂದು ಕಂಪನಿಯ ಲೆಕ್ಕಪತ್ರ ಕೊಟ್ಟು ಮುಂದಿನ ವಹಿವಾಟನ್ನು ಅಂದಾಜಿಸಲು ಹೇಳಲಾಗಿತ್ತು. ಗುಂಪು ನಿಜಕ್ಕೂ ಹೇಗೆ ಮಾಡಿತ್ತು ಎಂಬುದಕ್ಕೆ ಸಂಬಂಧವೇ ಇಲ್ಲದಂತೆ ಕೆಲವರಿಗೆ ‘ಚೆನ್ನಾಗಿ ಮಾಡಿದಿರಿ’ ಎಂದೂ ಉಳಿದವರಿಗೆ ‘ಸರಿಯಾಗಲಿಲ್ಲ’ ಎಂದೂ ತಿಳಿಸಿದರು. ಹೊಗಳಿಸಿಕೊಂಡ ಗುಂಪಿನವರು ತಮ್ಮಲ್ಲಿ ಒಗ್ಗಟ್ಟಿತ್ತು, ಮಾತುಕತೆ ಚೆನ್ನಾಗಿತ್ತು, ಹುರುಪಿತ್ತು ಎಂದು ಬರೆದರು. ಇನ್ನೊಂದು ಗುಂಪಿನವರಿಗೆ ಅವೆಲ್ಲ ಅಷ್ಟಾಗಿ ನೆನಪಾಗಲಿಲ್ಲ.

ದೊಡ್ಡ ಗಿರಾಕಿ ಸಿಕ್ಕ ವಾರ ತಂಡದ ಬಗ್ಗೆ ನೀವು ಆಡುವ ಮಾತೂ ಇದೇ ಜಾತಿಯದು. ಹಾಗಾಗಿ ಫಲಿತಾಂಶ ಬರುವ ಮೊದಲೇ, ಆಯಾ ಹೊತ್ತಿಗೇ ಬರೆದಿಟ್ಟ ಅಂಕ ಬೇಕು.

ನಮ್ಮಲ್ಲಿ ಒಬ್ಬರೇ ಮೂರು ಪ್ರಾಜೆಕ್ಟ್‌ಗಳಲ್ಲಿ ಇದ್ದಾರೆ. ಯಾರನ್ನು ತಂಡ ಎಂದು ಎಣಿಸಲಿ?

ಎಚ್‌ಆರ್ ವಿಭಾಗದ ಪಟ್ಟಿಯನ್ನು ಪಕ್ಕಕ್ಕಿಡಿ. ಪ್ರತಿಯೊಬ್ಬರಿಗೂ ಖಾಲಿ ಹಾಳೆ ಕೊಟ್ಟು, ‘ಯಾರ ಕೆಲಸ ನಿಂತರೆ ನಿಮ್ಮ ಕೆಲಸವೂ ನಿಲ್ಲುತ್ತದೆಯೋ ಅವರ ಹೆಸರು ಬರೆಯಿರಿ’ ಎನ್ನಿ. ಆರು ಹಾಳೆಗಳಲ್ಲೂ ಅವೇ ಆರು ಜನರ ಹೆಸರು ಸುತ್ತಾಡುತ್ತಿದ್ದರೆ ಅದು ತಂಡ. ಒಬ್ಬರು ಮೂರು ಹೆಸರು, ಇನ್ನೊಬ್ಬರು ಹನ್ನೊಂದು ಹೆಸರು ಬರೆದರೆ ನಿಮಗೆ ಮೊದಲ ಅಳತೆ ಆಗಲೇ ಸಿಕ್ಕಿತು. ಮೂರು ತಿಂಗಳ ಬಳಿಕ ಅದೇ ಹಾಳೆ ಮತ್ತೆ ಬರೆಸಿ. ತಂಡದ ಗಡಿ ಎತ್ತ ಸರಿದಿದೆ ಎಂಬುದು ಕಾಣುತ್ತದೆ. ಒಂದೇ ಕೊಠಡಿಯಲ್ಲಿ ಕೂತು ಬೇರೆ ಬೇರೆ ಕಡತ ನೋಡುವವರಿಗೆ ಈ ಪುಟದ ಅಳತೆಗಳು ಹೊಂದುವುದಿಲ್ಲ.

ವರ್ಷಕ್ಕೊಮ್ಮೆ ಉದ್ಯೋಗಿಗಳ ಸಮೀಕ್ಷೆ ನಡೆಸುತ್ತೇವಲ್ಲ, ಅಷ್ಟು ಸಾಲದೇ?

ಸಾಲದು. ಆ ಸಮೀಕ್ಷೆ ಕಂಪನಿಯ ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆ. ತಂಡಕ್ಕೆ ಅದರದೇ ಪಂಚಾಂಗವಿದೆ. ಕರಾವಳಿಯ ಯಕ್ಷಗಾನ ಮೇಳವನ್ನು ನೋಡಿ. ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಮುಂದಿನ ತಿರುಗಾಟದ ಹೊತ್ತಿಗೆ ಕೆಲವು ಕಲಾವಿದರು ಬೇರೆ ಮೇಳ ಸೇರಿರುತ್ತಾರೆ. ಅಂಥ ಮೇಳವನ್ನು ಪ್ರತಿ ಡಿಸೆಂಬರ್‌ನಲ್ಲಿ ಅಳೆದರೆ ಯಾವಾಗಲೂ ಹೊಸ ತಂಡವೇ ಕಾಣುತ್ತದೆ, ಪ್ರತಿ ಏಪ್ರಿಲ್‌ನಲ್ಲಿ ಅಳೆದರೆ ಯಾವಾಗಲೂ ಪಳಗಿದ ತಂಡ. ಎರಡು ಅಳತೆಗಳಲ್ಲೂ ಸುಳ್ಳಿಲ್ಲ, ಆದರೆ ನಡುವೆ ಆದದ್ದೇನು ಎಂಬುದು ಎರಡರಲ್ಲೂ ಇಲ್ಲ.

ನಿಮ್ಮ ದಾಖಲೆಯಲ್ಲಿ ತಾರೀಖಿನ ಪಕ್ಕದಲ್ಲಿ ಮೂರು ಅಂಕಿಗಳನ್ನು ಬರೆದಿಡಿ: ತಂಡ ಸೇರಿ ಎಷ್ಟು ದಿನವಾಯಿತು, ಗಡುವಿಗೆ ಎಷ್ಟು ದಿನ ಉಳಿದಿದೆ, ಕೊನೆಯ ಹೊಸಬರು ಬಂದು ಎಷ್ಟು ದಿನವಾಯಿತು. ಇವಿಲ್ಲದ ದತ್ತಾಂಶವನ್ನು ಕೈಯಲ್ಲಿ ಹಿಡಿದು ನನ್ನ ಬಳಿ ಬಂದವರೇ ಹೆಚ್ಚು, ಮತ್ತು ಅವರಿಗೆ ನಾನು ಹೇಳಬಹುದಾದದ್ದೂ ಬಹಳ ಕಡಿಮೆ.

ತರಬೇತಿಯಲ್ಲಿ ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್ ಹೇಳಿಕೊಟ್ಟರು. ನಮ್ಮದು ಯಾವ ಹಂತ ಎಂದು ತಿಳಿಯುವುದು ಹೇಗೆ?

ಪರಿಚಯ, ಜಟಾಪಟಿ, ಹೊಂದಿಕೆ, ದುಡಿಮೆ ಎಂಬ ಈ ನಾಲ್ಕು ಹಂತಗಳು ಎಲ್ಲಿಂದ ಬಂದವು ಎಂದು ತಿಳಿದರೆ ಅವುಗಳ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದೂ ತಿಳಿಯುತ್ತದೆ. ಅಮೆರಿಕದ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿದ್ದ ಬ್ರೂಸ್ ಟಕ್‌ಮನ್ 1965ರಲ್ಲಿ ಇವನ್ನು ಬರೆದರು. ಅದಕ್ಕಾಗಿ ಅವರು ಕಚೇರಿಯ ಯಾವ ತಂಡದ ಜೊತೆಗೂ ಕೂರಲಿಲ್ಲ. ಬೇರೆಯವರು ಬರೆದ 50 ಲೇಖನಗಳನ್ನು ಓದಿ ವಿಂಗಡಿಸಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಾನಸಿಕ ಚಿಕಿತ್ಸೆಗಾಗಿ ಸೇರಿಸಿದ ಗುಂಪುಗಳ ಬಗ್ಗೆ ಇದ್ದವು. ಈ ಮಿತಿಯನ್ನು ಟಕ್‌ಮನ್ ಅವರೇ ಬರೆದಿದ್ದರು, ತರಬೇತುದಾರರು ಆ ಪುಟವನ್ನು ಬಿಟ್ಟು ಓದಿದರು. 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆಗೂಡಿ ‘ಅಡ್ಜರ್ನಿಂಗ್’, ಅಂದರೆ ಚದುರುವ ಹಂತವನ್ನೂ ಸೇರಿಸಿದರು. ಪ್ರಾಸ ಕೂಡಿ ಬಂದದ್ದರಿಂದ ಈ ಪದಗಳು ಬದುಕಿದವು ಎಂಬುದು ನನ್ನ ಗುಮಾನಿ.

ಮಾತನಾಡಲು ಈ ಪದಗಳು ಒಳ್ಳೆಯವು. ಅಳೆಯಲು ಹೊರಟರೆ ‘ಯಾವ ಹಂತ’ ಎಂಬ ಪ್ರಶ್ನೆಯನ್ನೇ ಬದಲಿಸಬೇಕು. ಸೂಸನ್ ವೀಲನ್ ರೂಪಿಸಿದ ಗುಂಪು ಬೆಳವಣಿಗೆಯ ಪ್ರಶ್ನಾವಳಿಯಲ್ಲಿ 60 ಹೇಳಿಕೆಗಳಿವೆ, ಹಂತಕ್ಕೆ 15ರಂತೆ. ಅದು ನಾಲ್ಕಕ್ಕೂ ಒಟ್ಟಿಗೇ ಅಂಕ ಕೊಡುತ್ತದೆ. ಒಂದೇ ತಂಡದಲ್ಲಿ ನಾಯಕರ ಮುಖ ನೋಡುವ ಅಭ್ಯಾಸವೂ ಜಗಳವೂ ಒಳ್ಳೆಯ ದುಡಿಮೆಯೂ ಏಕಕಾಲಕ್ಕೆ ಇರಬಹುದು. ಯಾವುದರ ಪಾಲು ಎಷ್ಟು, ಆ ಪಾಲು ಹೇಗೆ ಬದಲಾಗುತ್ತಿದೆ ಎಂದು ಕೇಳಿ.

ನಮ್ಮ ತಂಡದಲ್ಲಿ ಜಗಳದ ಹಂತ ಬರಲೇ ಇಲ್ಲ. ಏನಾದರೂ ತಪ್ಪಾಗಿದೆಯೇ?

ಬರಲೇಬೇಕೆಂಬ ನಿಯಮವಿಲ್ಲ. ಕಾನಿ ಗರ್ಸಿಕ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ತಂಡಗಳನ್ನು ಮೊದಲ ಸಭೆಯಿಂದ ಕೊನೆಯವರೆಗೆ ಹಿಂಬಾಲಿಸಿದ್ದರು. ಬ್ಯಾಂಕಿನದು, ಆಸ್ಪತ್ರೆಯದು, ವಿದ್ಯಾರ್ಥಿಗಳದು ಎಂದು ಬಗೆಬಗೆಯ ತಂಡಗಳು. ಒಂದರ ಆಯುಸ್ಸು ಏಳೇ ದಿನ, ಇನ್ನೊಂದರದು ಆರು ತಿಂಗಳು. ಮೆಟ್ಟಿಲು ಹತ್ತಿದಂತೆ ಹಂತ ಹಂತವಾಗಿ ಬೆಳೆದ ತಂಡಗಳು ಅಲ್ಲಿ ಕಾಣಲಿಲ್ಲ. ಮೊದಲ ಸಭೆಯಲ್ಲೇ ಕೆಲಸದ ಒಂದು ಜಾಡು ಬೀಳುತ್ತಿತ್ತು, ಬಹಳ ದಿನ ಅದರಲ್ಲೇ ಓಡಾಟ. ಗಡುವಿಗೆ ಅರ್ಧ ಕಾಲ ಉಳಿದಿದೆ ಎನ್ನುವ ಹೊತ್ತಿಗೆ, ಏಳು ದಿನದ ತಂಡವಾಗಲಿ ಆರು ತಿಂಗಳ ತಂಡವಾಗಲಿ, ದಿಢೀರನೆ ಹಳೆಯದನ್ನು ಬಿಟ್ಟು ಹೊಸ ಜಾಡು ಹಿಡಿಯುತ್ತಿತ್ತು. ಪರೀಕ್ಷೆಗೆ ಓದಿದ ಯಾರಿಗೂ ಇದು ಹೊಸ ಸುದ್ದಿಯಲ್ಲ.

ಅಳೆಯುವವರಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ಗಡುವಿರುವ ತಂಡದಲ್ಲಿ ನಡುಗಾಲದ ಮುಂಚೆ ಒಂದು, ನಂತರ ಒಂದು ಅಳತೆ ಇರಲೇಬೇಕು. ಶುರುವಿನಲ್ಲೊಮ್ಮೆ ಕೊನೆಯಲ್ಲೊಮ್ಮೆ ಅಳೆದವರಿಗೆ ತಿರುವು ಕಾಣುವುದಿಲ್ಲ. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು ‘ನಿಧಾನವಾಗಿ ಬೆಳೆಯಿತು’ ಎಂದು ವರದಿ ಬರೆಯುತ್ತಾರೆ.

## ಅಳತೆಗೆ ಕೈ ಹಾಕಿದ ಮೇಲೆ

ಏನನ್ನು ಅಳೆಯಬೇಕು? ಒಗ್ಗಟ್ಟೇ, ಕೆಲಸವೇ, ಸಂತೋಷವೇ?

ಮೂರು ಬೇರೆ ಬೇರೆ ಬುಟ್ಟಿಗಳಿವೆ, ಅವನ್ನು ಬೆರೆಸಬೇಡಿ. ತಂಡ ಮಾಡುವುದು ಒಂದು: ಯೋಜನೆ ಹಾಕುವುದು, ಒಬ್ಬರಿಗೊಬ್ಬರು ಕೈ ಕೊಡುವುದು, ಜಗಳ ಬಿಡಿಸಿಕೊಳ್ಳುವುದು. ಹೀಗೆ ಮಾಡುತ್ತಾ ಮಾಡುತ್ತಾ ತಂಡದಲ್ಲಿ ಹುಟ್ಟುವುದು ಇನ್ನೊಂದು: ನಂಬಿಕೆ, ಒಗ್ಗಟ್ಟು, ಬಾಯಿ ಬಿಟ್ಟರೆ ಮಾನ ಹೋಗದು ಎಂಬ ಮಾನಸಿಕ ಸುರಕ್ಷತೆ. ತಂಡದಿಂದ ಹೊರಬೀಳುವ ಕೆಲಸ ಮೂರನೆಯದು. ಮೊದಲ ಎರಡನ್ನು ಬೇರ್ಪಡಿಸಿ ನೋಡಬೇಕೆಂದು ಮಿಷೆಲ್ ಮಾರ್ಕ್ಸ್ ಮತ್ತು ಸಂಗಡಿಗರು 2001ರಲ್ಲಿ ವಾದಿಸಿದರು. ಪ್ರಶ್ನಾವಳಿ ತಯಾರಿಸುವವರು ಇಂದಿಗೂ ಎರಡನ್ನೂ ಒಂದೇ ಒಟ್ಟಂಕಕ್ಕೆ ಸುರಿಯುತ್ತಾರೆ.

ಮೂರನೆಯ ಬುಟ್ಟಿಯಲ್ಲೊಂದು ಹಾವಿದೆ. ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ವಾರ್ಡ್‌ಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅಲ್ಲಿನವರಿಗೆ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ. ತಂಡ ಸುಧಾರಿಸಿದ ತಿಂಗಳು ದೂರು, ದೋಷ, ಬಗ್‌ಗಳ ಎಣಿಕೆ ಏರಿದರೆ ಗಾಬರಿಯಾಗುವ ಮೊದಲು ಇದನ್ನು ನೆನೆಯಿರಿ.

ಸಿದ್ಧ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಬಳಸಬಹುದೇ?

ಬಳಸಬಹುದು. ಗಾರ್ಮೆಂಟ್ಸ್ ಲೈನ್‌ನಲ್ಲಿ ಕೂತವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಅವರ ಇಂಗ್ಲಿಷ್ ಎಷ್ಟಿದೆ ಎಂಬುದಷ್ಟೇ ತಿಳಿಯುತ್ತದೆ. ಎಡ್ಮಂಡ್ಸನ್ 1999ರಲ್ಲಿ ಒಂದು ತಯಾರಿಕಾ ಕಂಪನಿಯ 51 ತಂಡಗಳಲ್ಲಿ ಬಳಸಿದ ಮಾನಸಿಕ ಸುರಕ್ಷತೆಯ ಅಳತೆಯಲ್ಲಿ ಏಳೇ ಹೇಳಿಕೆಗಳಿವೆ. ಆರಂಭಕ್ಕೆ ಅದು ಅನುಕೂಲ. ಒಬ್ಬರು ಕನ್ನಡಕ್ಕೆ ತರಲಿ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿ ತರಲಿ, ಎರಡು ಇಂಗ್ಲಿಷುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಕನ್ನಡದಲ್ಲಿ ಹೆಚ್ಚು ಎಡವುವುದು ತಿರುಗಿಸಿ ಕೇಳುವ ಹೇಳಿಕೆಗಳಲ್ಲಿ. ‘ಇಲ್ಲಿ ಸಹಾಯ ಕೇಳುವುದು ಸುಲಭವಲ್ಲ’ ಎಂಬ ಸಾಲಿಗೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಬೇಕಾದವರು ಎರಡು ನಿಷೇಧಗಳ ನಡುವೆ ಸಿಕ್ಕಿಕೊಂಡು ‘ಹೌದು’ ಎಂದು ಬರೆದು ಮುಂದೆ ಹೋಗುತ್ತಾರೆ. ಅಂಥ ಸಾಲನ್ನು ‘ಇಲ್ಲಿ ಸಹಾಯ ಕೇಳುವುದು ಕಷ್ಟ’ ಎಂದು ಬರೆದರೆ ಅರ್ಧ ತೊಂದರೆ ಕಳೆಯುತ್ತದೆ. ಐದಾರು ಜನರಿಂದ ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತು ಎಂದು ಕೇಳಿ. ಇನ್ನೊಂದು ಮಾತು: ಒಮ್ಮೆ ಪದಗಳು ನಿಂತ ಮೇಲೆ ಎರಡನೆಯ ಸುತ್ತಿಗೆ ಅವನ್ನು ‘ಇನ್ನಷ್ಟು ಚೆನ್ನಾಗಿ’ ಮಾಡಲು ಹೋಗಬೇಡಿ. ಆಮೇಲೆ ಬದಲಾದದ್ದು ತಂಡವೋ ಪ್ರಶ್ನೆಯೋ ಹೇಳಲಾಗದು.

ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಅಳೆಯಬೇಕು?

ಕಡಿಮೆಯೆಂದರೆ ಮೂರು ಸಲ. ಎರಡರಲ್ಲಿ ಏರಿತೋ ಇಳಿಯಿತೋ ಎಂಬುದಷ್ಟೇ ತಿಳಿಯುತ್ತದೆ, ದಾರಿಯ ಆಕಾರ ತಿಳಿಯುವುದಿಲ್ಲ. ಎಷ್ಟು ದಿನದ ಅಂತರ ಎಂಬುದನ್ನು ನೀವು ಅಳೆಯುತ್ತಿರುವ ವಿಷಯವೇ ನಿರ್ಧರಿಸಬೇಕು: ಹುರುಪು ದಿನಕ್ಕೊಂದು ಬಗೆ ಇರುತ್ತದೆ, ನಂಬಿಕೆ ತಿಂಗಳುಗಳಲ್ಲಿ ಬೆಳೆಯುತ್ತದೆ (ಮುರಿಯಲು ಒಂದು ಮಧ್ಯಾಹ್ನ ಸಾಕು). ವಾರಕ್ಕೊಮ್ಮೆ 40 ಪ್ರಶ್ನೆ ಕೇಳಿದರೆ ಮೂರನೆಯ ವಾರದಿಂದ ಎಲ್ಲರೂ ನಡುವಿನ ಕಾಲಂಗೆ ಗುರುತು ಹಾಕುತ್ತಾ ಹೋಗುತ್ತಾರೆ. ಪದೇ ಪದೇ ಕೇಳುವುದಾದರೆ ಮೂರು ನಾಲ್ಕು ಪ್ರಶ್ನೆ ಸಾಕು.

ಐದು ಜನರ ತಂಡದಲ್ಲಿ ‘ಹೆಸರು ಬರೆಯಬೇಡಿ’ ಎಂದರೆ ಯಾರು ನಂಬುತ್ತಾರೆ?

ಯಾರೂ ನಂಬುವುದಿಲ್ಲ, ನಂಬಲೂಬಾರದು. ವಯಸ್ಸು, ಲಿಂಗ, ಸೇವಾವಧಿ ಕೇಳಿದ ಕೂಡಲೇ ಐವರಲ್ಲಿ ಯಾರು ಬರೆದದ್ದು ಎಂದು ಸೂಪರ್‌ವೈಸರ್‌ಗೆ ಗೊತ್ತಾಗುತ್ತದೆ. ಇತ್ತ, ಬದಲಾವಣೆ ಅಳೆಯಬೇಕಾದರೆ ಮೊದಲ ಸುತ್ತಿನ ಹಾಳೆಯನ್ನು ಎರಡನೆಯ ಸುತ್ತಿನ ಅದೇ ವ್ಯಕ್ತಿಯ ಹಾಳೆಗೆ ಜೋಡಿಸಲೇಬೇಕು. ಪ್ರತಿಯೊಬ್ಬರೂ ತಾವೇ ಕಟ್ಟಿಕೊಳ್ಳುವ ಸಂಕೇತ ಒಂದು ದಾರಿ: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ಊರಿನ ಕೊನೆಯ ಅಕ್ಷರ, ಹೀಗೆ. ಅದಕ್ಕಿಂತ ಗಟ್ಟಿಯಾದದ್ದು, ಹಾಳೆಗಳು ತಂಡದ ಹೊರಗಿನವರ ಬಳಿ ಮಾತ್ರ ಇರುವುದು ಮತ್ತು ಒಬ್ಬೊಬ್ಬರ ಉತ್ತರ ಯಾರಿಗೂ ಹೋಗದಿರುವುದು. ‘ಅನಾಮಧೇಯ’ ಎಂದು ಸುಳ್ಳು ಹೇಳುವುದಕ್ಕಿಂತ ‘ಗೋಪ್ಯ, ಯಾರು ನೋಡುತ್ತಾರೆ ಎಂಬುದು ಇದು’ ಎಂದು ನಿಜ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವುದರಿಂದ ಕಾನೂನು ವಿಭಾಗವನ್ನು ಮೊದಲೇ ಒಂದು ಮಾತು ಕೇಳುವುದೂ ಒಳ್ಳೆಯದು.

ಪ್ರಶ್ನಾವಳಿಯೇ ಬೇಡ ಎಂದರೆ ಬೇರೆ ದಾರಿ ಇದೆಯೇ?

ಸಭೆಯಲ್ಲಿ ಮೂಲೆಯಲ್ಲಿ ಕೂತು ನೋಡುವುದು ಹಳೆಯ ದಾರಿ, ನನಗೆ ಇಷ್ಟದ್ದೂ ಹೌದು. ರಾಬರ್ಟ್ ಬೇಲ್ಸ್ 1950ರಲ್ಲಿ ಗುಂಪಿನ ಪ್ರತಿಯೊಂದು ಮಾತನ್ನೂ 12 ಬಗೆಗಳಲ್ಲಿ ಗುರುತಿಸುವ ಪದ್ಧತಿ ಕೊಟ್ಟರು. ಅಷ್ಟೂ ಬೇಡ. ಯಾರು ಎಷ್ಟು ಸಲ ಮಾತನಾಡಿದರು, ಪ್ರಶ್ನೆ ಕೇಳಿದವರು ಯಾರು, ‘ನನಗೆ ಗೊತ್ತಿಲ್ಲ’ ಎಂದವರಿದ್ದಾರೆಯೇ ಎಂಬುದನ್ನು ತಿಂಗಳಿಗೊಂದು ಸಭೆಯಲ್ಲಿ ಗೀಟು ಹಾಕಿ ಎಣಿಸಿದರೂ ವರ್ಷದ ಕೊನೆಗೆ ಒಂದು ಕತೆ ಕೈಗೆ ಸಿಗುತ್ತದೆ. ಇಮೇಲ್, ಚಾಟ್‌ಗಳ ಎಣಿಕೆ ಸುಲಭಕ್ಕೆ ಸಿಗುತ್ತದೆ. ಆದರೆ ಸಂದೇಶಗಳು ಕಡಿಮೆಯಾದದ್ದು ಮಾತು ಬಿಟ್ಟದ್ದರಿಂದಲೋ, ಹೇಳದೆಯೇ ಅರ್ಥವಾಗುವಷ್ಟು ಪಳಗಿದ್ದರಿಂದಲೋ ಎಂಬುದು ಎಣಿಕೆಯಲ್ಲಿ ಇರುವುದಿಲ್ಲ.

## ಅಂಕಗಳು ಕೈಗೆ ಬಂದ ಮೇಲೆ

ಎಲ್ಲರ ಸರಾಸರಿ 3.5 ಬಂತು. ಅದನ್ನೇ ತಂಡದ ಅಂಕ ಎನ್ನಬಹುದೇ?

ಸದಸ್ಯರು ಕೊಟ್ಟ ಅಂಕಗಳ ನಡುವೆ ಒಪ್ಪಿಗೆ ಇದ್ದರೆ ಮಾತ್ರ. ಐದರ ಮಾಪಕದಲ್ಲಿ ಒಂದು ತಂಡದ ನಾಲ್ವರು 3, 3, 4, 4 ಕೊಟ್ಟರು. ಇನ್ನೊಂದರವರು 2, 2, 5, 5. ಎರಡರ ಸರಾಸರಿಯೂ 3.5. ಮೊದಲನೆಯದು ಒಂದು ತಂಡ, ಎರಡನೆಯದು ಒಂದೇ ಹೆಸರಿನ ಎರಡು ಬಣ. ಜೇಮ್ಸ್, ಡೆಮಾರೀ, ವುಲ್ಫ್ 1984ರಲ್ಲಿ ಕೊಟ್ಟ, ತಂಡದೊಳಗಿನ ಒಪ್ಪಿಗೆಯನ್ನು ಅಳೆಯುವ ಆರ್‌ಡಬ್ಲ್ಯುಜಿ (rwg) ಸೂಚ್ಯಂಕ ಇದನ್ನೇ ಹಿಡಿಯುತ್ತದೆ. ಎಲ್ಲರೂ ಮನಬಂದಂತೆ ಗುರುತು ಹಾಕಿದ್ದರೆ ಐದರ ಮಾಪಕದಲ್ಲಿ ವ್ಯತ್ಯಯ (ವೇರಿಯನ್ಸ್, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2 ಇರುತ್ತದೆ. ನಿಮ್ಮ ತಂಡದ ವ್ಯತ್ಯಯವನ್ನು 2ರಿಂದ ಭಾಗಿಸಿ 1ರಿಂದ ಕಳೆಯಿರಿ. ಮೊದಲ ತಂಡಕ್ಕೆ 0.83 ಬರುತ್ತದೆ, ಎರಡನೆಯದಕ್ಕೆ ಸೊನ್ನೆಗಿಂತಲೂ ಕೆಳಗೆ. 0.70 ದಾಟಿದರೆ ಸಾಕು ಎಂಬುದು ರೂಢಿ, ಅದರಾಚೆ ಆ ಅಂಕಿಗೆ ಪಾವಿತ್ರ್ಯವೇನಿಲ್ಲ.

ಕಾಲದ ಜೊತೆ ನೋಡುವಾಗ ಈ ಒಪ್ಪಿಗೆಯನ್ನೂ ಪ್ರತಿ ಸುತ್ತಿನಲ್ಲಿ ಬರೆದಿಡಿ. ಸರಾಸರಿ ಕದಲದೆ ಒಪ್ಪಿಗೆ ಮಾತ್ರ ಕರಗುತ್ತಾ ಹೋದ ತಂಡಗಳನ್ನು ನೋಡಿದ್ದೇನೆ. ಒಡಕು ಹೊರಗೆ ಕಾಣುವ ಮುಂಚೆ ಅಲ್ಲಿ ಕಂಡಿತ್ತು.

ತರಬೇತಿ ಕೊಡಿಸಿದ ಮೇಲೆ ಅಂಕ ಇಳಿಯಿತು. ದುಡ್ಡು ನೀರಿಗೆ ಹಾಕಿದಂತಾಯಿತೇ?

ಹಾಗೆ ತೀರ್ಮಾನಿಸುವ ಮುಂಚೆ ಸೇರನ್ನು ನೋಡಿ. ಕಣಜದಲ್ಲಿ ಅಕ್ಕಿ ಕಡಿಮೆಯಾದರೂ ಲೆಕ್ಕ ಇಳಿಯುತ್ತದೆ, ಅಳೆಯುವ ಸೇರೇ ದೊಡ್ಡದಾದರೂ ಇಳಿಯುತ್ತದೆ, ಅಕ್ಕಿಯ ಬದಲು ರಾಗಿ ಅಳೆಯತೊಡಗಿದರೆ ಹೋಲಿಕೆಯೇ ತಪ್ಪುತ್ತದೆ. ಗೊಲೆಂಬ್ಯೂಸ್ಕಿ ಮತ್ತು ಇಬ್ಬರು ಸಂಗಡಿಗರು 1976ರಲ್ಲಿ ಈ ಮೂರಕ್ಕೆ ಆಲ್ಫಾ, ಬೀಟಾ, ಗಾಮಾ ಬದಲಾವಣೆ ಎಂದು ಹೆಸರಿಟ್ಟರು. ತರಬೇತಿಗೆ ಮೊದಲು ‘ನಮ್ಮಲ್ಲಿ ಮುಕ್ತವಾಗಿ ಮಾತನಾಡುತ್ತೇವೆ’ ಎಂಬುದಕ್ಕೆ 4 ಕೊಟ್ಟವರಿಗೆ ಮುಕ್ತವೆಂದರೆ ಕ್ಯಾಂಟೀನಿನ ಹರಟೆ. ತರಬೇತಿಯ ನಂತರ ಅದೇ ಮಾತಿಗೆ ಮ್ಯಾನೇಜರ್ ಎದುರಿಗೆ ‘ಈ ಯೋಜನೆ ನಡೆಯದು’ ಎನ್ನುವುದು ಎಂಬ ಅರ್ಥ ಬಂತು, ಅಂಕ 3ಕ್ಕೆ ಇಳಿಯಿತು. ತಂಡ ಇಳಿಯಿತೇ?

ತಿಳಿಯಲು ಒಂದು ಉಪಾಯ: ತರಬೇತಿಯ ನಂತರ ‘ಈಗಿನ ತಿಳಿವಳಿಕೆಯಿಂದ ನೋಡಿದರೆ ಆಗ ಎಷ್ಟು ಕೊಡಬೇಕಿತ್ತು?’ ಎಂದೂ ಕೇಳುವುದು. 4 ಕೊಟ್ಟಿದ್ದವರು ಈಗ ‘ಆಗ 2 ಇತ್ತು’ ಎಂದರೆ ಸೇರು ಬದಲಾಗಿರುವ ಸುಳಿವು. ತರಬೇತುದಾರರನ್ನು ಮೆಚ್ಚಿಸಲು ಹಳೆಯದನ್ನು ಕೆಳಗೆ ಹಾಕುವವರೂ ಇರುತ್ತಾರೆ, ಆದ್ದರಿಂದ ಸುಳಿವನ್ನು ಸುಳಿವಾಗಿಯೇ ಇಟ್ಟುಕೊಳ್ಳಿ. ತಂಡಗಳ ಸಂಖ್ಯೆ ದೊಡ್ಡದಿದ್ದರೆ, ಪ್ರಶ್ನೆಗಳು ಒಂದಕ್ಕೊಂದು ಹೊಂದುವ ರೀತಿ ಎರಡು ಸುತ್ತಿನಲ್ಲೂ ಒಂದೇ ಆಗಿದೆಯೇ ಎಂದು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಬಹುದು.

ಎಲ್ಲಕ್ಕಿಂತ ಕಡಿಮೆ ಅಂಕ ಬಂದ ತಂಡಕ್ಕೆ ವಿಶೇಷ ಗಮನ ಕೊಟ್ಟೆವು, ಮುಂದಿನ ಸಲ ಏರಿತು. ಫಲ ಕೊಟ್ಟಿತಲ್ಲವೇ?

ಏನೂ ಮಾಡದಿದ್ದರೂ ಬಹುಶಃ ಸ್ವಲ್ಪ ಏರುತ್ತಿತ್ತು. ತೀರಾ ಕೆಳಗಿನ ಅಂಕದಲ್ಲಿ ಆ ವಾರದ ದುರದೃಷ್ಟದ ಪಾಲೂ ಇರುತ್ತದೆ, ಮುಂದಿನ ಸಲ ಅದು ಇರುವುದಿಲ್ಲ. ಅಷ್ಟೇ ಕೆಳಗಿದ್ದು ಗಮನ ಸಿಗದ ಇನ್ನೊಂದು ತಂಡ ಎಷ್ಟು ಏರಿತು ಎಂಬುದನ್ನು ನೋಡಿ.

ವರ್ಷದಲ್ಲಿ ಅರ್ಧ ಜನ ಬದಲಾದರು. ಇದು ಅದೇ ತಂಡವೇ?

ಊರ ತೇರಿನ ಗಾಲಿ ಒಂದು ಸಲ, ಅಚ್ಚು ಇನ್ನೊಂದು ಸಲ ಬದಲಾಗುತ್ತದೆ. ತೇರು ಅದೇ ಎನ್ನುತ್ತೇವೆ. ತಂಡದ ವಿಷಯದಲ್ಲಿ ಅಷ್ಟು ಧಾರಾಳವಾಗಿರಲು ಬರುವುದಿಲ್ಲ. ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1927ರಲ್ಲಿ ಶುರುವಾದ ಪರೀಕ್ಷಾ ಕೊಠಡಿಯ ಕತೆ ಎಲ್ಲ ಮ್ಯಾನೇಜ್‌ಮೆಂಟ್ ತರಗತಿಗಳಲ್ಲೂ ಬರುತ್ತದೆ: ಐವರು ಯುವತಿಯರು ಟೆಲಿಫೋನ್ ಜಾಲದ ರಿಲೇ ಎಂಬ ಸ್ವಿಚ್‌ಗಳನ್ನು ಜೋಡಿಸುತ್ತಿದ್ದರು, ಗಮನ ಸಿಕ್ಕಿದ್ದರಿಂದ ಉತ್ಪಾದನೆ ಏರಿತು. 1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ತೆಗೆದು ಬೇರೆಯವರನ್ನು ಕೂರಿಸಿದರು ಎಂಬುದು ಮಾತ್ರ ತರಗತಿಗೆ ಬರುವುದಿಲ್ಲ. ಏರಿದ್ದು ತಂಡವೋ, ಬಂದ ಇಬ್ಬರೋ?

ಇದಕ್ಕೆ ಎರಡು ಲೆಕ್ಕ ಇಡಿ. ಕೊನೆಯವರೆಗೂ ಉಳಿದವರ ಅಂಕ ಬೇರೆ, ಎಲ್ಲರ ಅಂಕ ಬೇರೆ. ಜೊತೆಗೆ ಒಡನಾಟದ ಸಂಖ್ಯೆಯೊಂದನ್ನು ಬರೆದಿಡಿ: ಐದು ಜನರಲ್ಲಿ ಹತ್ತು ಜೋಡಿಗಳಿವೆ, ಪ್ರತಿ ಜೋಡಿ ಹಿಂದೆ ಎಷ್ಟು ಪ್ರಾಜೆಕ್ಟ್‌ಗಳಲ್ಲಿ ಒಟ್ಟಿಗಿತ್ತು ಎಂದು ಕೂಡಿಸಿ ಹತ್ತರಿಂದ ಭಾಗಿಸಿ. ಹಕ್‌ಮನ್, ಸ್ಟಾಟ್ಸ್, ಅಪ್ಟನ್ ಎಂಬ ಸಂಶೋಧಕರು ನಮ್ಮ ಬೆಂಗಳೂರಿನ ವಿಪ್ರೊದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ಇಂಥದೇ ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದರು. ಒಡನಾಟ ಹೆಚ್ಚಿದ್ದ ತಂಡಗಳ ಕೆಲಸ ಮೇಲಾಗಿತ್ತು. ಸದಸ್ಯರು ಕಂಪನಿಯಲ್ಲಿ ಕಳೆದ ಒಟ್ಟು ವರ್ಷಗಳಿಗೆ ಅಂಥ ಸ್ಥಿರ ನಂಟು ಕಾಣಲಿಲ್ಲ. ಹಾಜರಿ ಪುಸ್ತಕದಿಂದಲೇ ಹುಟ್ಟುವ ಸಂಖ್ಯೆ ಇದು, ಯಾರನ್ನೂ ಏನನ್ನೂ ಕೇಳಬೇಕಿಲ್ಲ.

ಹಾಗಾದರೆ ತಂಡವನ್ನು ಒಡೆಯದೆ ಇಡುವುದೇ ಒಳ್ಳೆಯದೇ? ಎಷ್ಟು ವರ್ಷ?

ರಾಲ್ಫ್ ಕಾಟ್ಜ್ 1982ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ವಿಭಾಗದ 50 ತಂಡಗಳನ್ನು ನೋಡಿದಾಗ, ಐದು ವರ್ಷ ದಾಟಿದ ತಂಡಗಳ ಕೆಲಸ ಸೊರಗಿತ್ತು, ಹೊರಗಿನವರೊಂದಿಗಿನ ಮಾತುಕತೆಯೂ ಕುಗ್ಗಿತ್ತು. ‘ಐದು ವರ್ಷ’ ಎಂದು ಗೋಡೆಗೆ ಬರೆಯುವ ಮುಂಚೆ ಗಮನಿಸಿ: ಅವರು ಒಂದೇ ತಂಡವನ್ನು ಐದು ವರ್ಷ ಹಿಂಬಾಲಿಸಲಿಲ್ಲ, ಬೇರೆ ಬೇರೆ ವಯಸ್ಸಿನ ತಂಡಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಊರಿನ ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಒಂದೇ ದಿನ ಅಳೆದು, ವಯಸ್ಸಾದಂತೆ ಮನುಷ್ಯ ಗಿಡ್ಡನಾಗುತ್ತಾನೆ ಎಂದಂತೆ ಆಗಬಾರದು.

ನಮ್ಮಲ್ಲಿ ಇರುವುದೇ ಎಂಟು ತಂಡ. ದೊಡ್ಡ ಸಂಖ್ಯಾಶಾಸ್ತ್ರ ಸಾಧ್ಯವೇ?

ಸುತ್ತುಗಳು ವ್ಯಕ್ತಿಯೊಳಗೆ, ವ್ಯಕ್ತಿಗಳು ತಂಡದೊಳಗೆ ಎಂದು ಪದರ ಪದರವಾಗಿ ಲೆಕ್ಕ ಹಾಕುವ ಬಹುಸ್ತರ ಮಾದರಿಗಳಿಗೆ ಎಂಟು ತಂಡ ಸಾಲದು. ಒಂದೊಂದು ತಂಡಕ್ಕೂ ಒಂದೊಂದು ಗ್ರಾಫ್ ಬರೆಯಿರಿ. ಅಡಿಯಲ್ಲಿ ಗಡುವು, ಹೊಸಬರ ಆಗಮನ, ಮ್ಯಾನೇಜರ್ ಬದಲಾದ ದಿನಗಳನ್ನು ಗುರುತಿಸಿ. ಕಾಫಿ ಹೀರುತ್ತಾ ನೋಡಿದರೆ ಎಂಟು ಗೆರೆಗಳು ಬಹಳ ಹೇಳುತ್ತವೆ. ಎಂಟೂ ತಂಡಗಳನ್ನು ಒಂದೇ ಸರಾಸರಿ ಗೆರೆಯಾಗಿ ಮಾಡಬೇಡಿ: ನಾಲ್ಕು ಏರಿ ನಾಲ್ಕು ಇಳಿದರೆ ಸರಾಸರಿ ಗೆರೆ ಅಲ್ಲಾಡದೆ ಮಲಗಿರುತ್ತದೆ.

ಮೇಲಿನವರು ತಂಡಗಳ ರ‍್ಯಾಂಕ್ ಪಟ್ಟಿ ಕೇಳುತ್ತಿದ್ದಾರೆ. ಕೊಡಲೇ?

ಕೊಡಬೇಡಿ. ನಾನು ಒಮ್ಮೆ ಕೊಟ್ಟೆ. ಒಂದು ಕಾರ್ಖಾನೆಯಲ್ಲಿ ಮೊದಲ ಸುತ್ತಿನ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರು. ಎರಡನೆಯ ಸುತ್ತಿನಲ್ಲಿ ಎಲ್ಲ ತಂಡಗಳಿಗೂ ಹತ್ತಿರ ಹತ್ತಿರ ಪೂರ್ಣಾಂಕ. ಹಾಳೆ ತುಂಬಿಸುವಾಗ ಸೂಪರ್‌ವೈಸರ್‌ಗಳು ಬೆನ್ನ ಹಿಂದೆ ನಿಂತಿದ್ದರಂತೆ. ಮೂರನೆಯ ಸುತ್ತು ನಡೆಸಲು ನನಗೆ ಮನಸ್ಸಾಗಲಿಲ್ಲ.

ಈಗ ನಾನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಇಷ್ಟು: ತಂಡದ ಗ್ರಾಫ್ ಮೊದಲು ತಂಡದ ಕೈಗೆ ಹೋಗುತ್ತದೆ. ಅದನ್ನು ನೋಡಿ ಅವರು ಅರ್ಧ ಗಂಟೆ ಮಾತನಾಡುತ್ತಾರೆ, ನಾನು ಹೊರಗಿರುತ್ತೇನೆ. ಮೇಲಿನವರಿಗೆ ಹೋಗುವುದು ಒಂದು ವಾರದ ಬಳಿಕ, ತಂಡ ತಾನೇ ಬರೆದ ನಾಲ್ಕು ಸಾಲಿನ ಟಿಪ್ಪಣಿಯ ಜೊತೆ, ಬೇರೆ ತಂಡದ ಗೆರೆ ಪಕ್ಕದಲ್ಲಿಲ್ಲದೆ.